ಮೀನು ಮಾಡದ ಮನ್ಯಾಗ ಮೀನಿನ ವಾಸನಿ

ನಮ್ಮತ್ತಿಯವರು ಮೊದಲ್ನೇ ಸಲ "ಯವ್ವಾ, ಎಲ್ಲೋ ಮೀನು ಹುರಿಯಾಕತ್ತಾರ ನೋಡು" ಅಂದಾಗ ಮುಂಜಾನೆ ಏಳೂವರಿ ಇರಬೇಕು. ನಾ ಪಡಸಾಲ್ಯಾಗ ನಿಂತು ಮಗನ ಸಾಲಿ ಅಂಗಿ ಇಸ್ತ್ರಿ ಮಾಡಾಕತ್ತಿದ್ದೆ, ಬಸ್ ಬರಾಕ ಇನ್ನ ಇಪ್ಪತ್ತು ನಿಮಿಷ, ಒಲಿ ಮ್ಯಾಲೆ ಚಹಾ, ಅಂಥಾ ಹೊತ್ತಿನ್ಯಾಗ ವಾಸನಿ ಕಡೆ ಯಾರು ಲಕ್ಷ್ಯ ಕೊಡ್ತಾರ. ನಮ್ಮನ್ಯಾಗ ಮೀನು ಮೊಟ್ಟಿ ಯಾವುದೂ ಮಾಡಂಗಿಲ್ಲ, ಅದಕ್ಕ ಅತ್ತಿಯವರ ಮೂಗಿಗೆ ಇದು ಲಗೂನ ಗೊತ್ತಾಗ್ತದ. ನಾ "ಹಿಂದಿನ ಓಣ್ಯಾಗ ಯಾರರ ಮಾಡಾಕತ್ತಿರಬೇಕ್ರಿ" ಅಂದು ಬಿಟ್ಟೆ. ರಾಯಚೂರಾಗ ಕೃಷ್ಣಾ ಮೀನು ಬರ್ತದ, ತುಂಗಭದ್ರಾ ಮೀನು ಬರ್ತದ, ಒಬ್ಬರ ಮನ್ಯಾಗ ಮಾಡಿದ್ರ ನಾಲ್ಕು ಮನಿಗೆ ವಾಸನಿ ಬರೋದು ಹೊಸದೇನಲ್ಲ.

ಆದ್ರ ಅದು ದಿನಾ ಬರಾಕ ಶುರು ಆತು. ಅದೂ ಮುಂಜಾನೆ ಅಷ್ಟ. ಮಧ್ಯಾಹ್ನ ಇಲ್ಲ, ಸಂಜಿಗೆ ಇಲ್ಲ. ಅತ್ತಿಯವರು ಊದಿನಕಡ್ಡಿ ಹಚ್ಚಿ ನೋಡಿದ್ರು, ಇಲಿ ಗಿಲಿ ಸತ್ತಿರಬೇಕು ಅಂತ ನಾ ದಿವಾನ್ ಕೆಳಗ, ಟ್ರಂಕಿನ ಹಿಂದ ಎಲ್ಲಾ ಬಳದು ತೊಳದೆ, ಮೋರಿಗೆ ಫಿನಾಯಿಲ್ ಹಾಕಿದೆ. ಏನೂ ಇಲ್ಲ. ಮರದಿನ ಮುಂಜಾನೆ ಮತ್ತ ಅದೇ ವಾಸನಿ, ಮೀನಿಂದೂ ಅಲ್ಲ, ಉಚ್ಚಿದೂ ಅಲ್ಲ, ಎರಡರ ನಡುವಿಂದು ಒಂಥರಾ, ಗಂಟಲದಾಗ ಹಿಡ್ಕೊಳ್ಳಂಗ. ಅದೇ ವಾರದಾಗ ಪಡಸಾಲಿ ಲೈಟ್ ಮಿಣಕ್ ಮಿಣಕ್ ಅನ್ನಾಕ ಹತ್ತಿತ್ತು. ಅದಕ್ಕೂ ಇದಕ್ಕೂ ಸಂಬಂಧ ಅದ ಅಂತ ನನಗ ಹೊಳೀಲೇ ಇಲ್ಲ, ಬಲ್ಬ್ ಹೋಗ್ಯದ ಅನ್ಕೊಂಡು ಹೊಸ ಬಲ್ಬ್ ಹಾಕಿದೆ, ಎರಡು ದಿನ ಸುಮ್ಮನಿತ್ತು, ಮೂರನೇ ದಿನ ಅದೂ ಮಿಣಕ್. ಬಲ್ಬೇ ಡುಪ್ಲಿಕೇಟ್ ಇರಬೇಕಂತ ಅಂಗಡಿಯವರ ಮ್ಯಾಲೆ ಸಿಟ್ಟು ಬೇರೆ ಬಂತು, ಪಾಪ ಅವರದೇನೂ ತಪ್ಪಿದ್ದಿಲ್ಲ.

ಇದನ್ನ ಇಷ್ಟು ಉದ್ದಕ ಬರಿಯಾಕತ್ತೀನಿ ಯಾಕಂದ್ರ ಮೂರು ವಾರ ನಮ್ಮ ತಲಿ ಮ್ಯಾಲೇ ವೈರ್ ಸುಡಾಕತ್ತಿತ್ತು, ಮನಿಮಂದಿ ಎಲ್ಲರಿಗೂ ಅದರ ವಾಸನಿ ಬರಾಕತ್ತಿತ್ತು, ಆದ್ರೂ ಒಬ್ಬರಿಗೂ ತಿಳೀಲಿಲ್ಲ. ಸ್ವಿಚ್ಚು ಹೋಲ್ಡರು ಮಾಡೋ ಬೇಕಲೈಟ್, ಮತ್ತ ಅಂಥವೇ ಗಟ್ಟಿ ಪ್ಲಾಸ್ಟಿಕ್ ಅತೀ ಕಾಯ್ದಾಗ ಮೀನಿನಂಥ ವಾಸನಿ ಬಿಡ್ತಾವ. ವೈರ್ ಸುಟ್ರ ಕಮಟು ವಾಸನಿ ಬರ್ತದ, ರಬ್ಬರ್ ಸುಟ್ಟಂಗ, ಹೊಗಿ ಬರ್ತದ ಅಂತ ನಾವೆಲ್ಲಾ ತಿಳ್ಕೊಂಡಿರ್ತೀವಿ. ಹೊಗಿ ಬರೋದು ಕಡೀಕ. ಅದಕ್ಕಿಂತ ಭಾಳ ಮೊದಲು ಬರೋದು ಈ ಮೀನಿನ ವಾಸನಿ.

ಯುಗಾದಿಗೆ ಇನ್ನ ನಾಲ್ಕು ದಿನ ಇತ್ತು. ಮುಂಜಾನೆ ಇಸ್ತ್ರಿ ಹಚ್ಚಿ ಅಂಗಿ ತೋಳು ಬಿಡಿಸಾಕತ್ತೀನಿ, ಮ್ಯಾಲೆ ಚಟ್ ಅಂತ ಸಣ್ಣ ಸಪ್ಪಳ, ಲೈಟ್ ಹೋತು, ಇಸ್ತ್ರಿ ಪೆಟಿಗಿದು ಕೆಂಪು ದೀಪನೂ ಹೋತು. ಕರೆಂಟ್ ಹೋಗ್ಯದ ಅಂದ್ರ ಒಳಗ ಫ್ರಿಜ್ ನಡಿಯಾಕತ್ತದ. ಎಂಸಿಬಿ, ಅಂದ್ರ ಕರೆಂಟ್ ಹೆಚ್ಚು ಹರಿದ್ರ ತಾನೇ ಬಿದ್ದು ಬಂದ್ ಆಗೋ ಸ್ವಿಚ್ಚು, ನೋಡಿದೆ, ಒಂದೂ ಬಿದ್ದಿಲ್ಲ. ಡ್ರಾವರ್‌ನ್ಯಾಗ ನಮ್ಮ ಮಾವನವರ ಟೆಸ್ಟರ್ ಇತ್ತು, ತಂದು ಪ್ಲಗ್ಗಿನ ಬಲಗಡಿ ತೂತಿಗೆ ಇಟ್ಟೆ, ಉರೀತು. ಕರೆಂಟ್ ಅದಲ್ಲಪ್ಪ ಅಂತ ಎಡಗಡಿಗೆ ಇಟ್ಟೆ, ಅದೂ ಉರೀತು. ಎರಡೂ ಕಡೆ ಉರಿಯಾಕತ್ತದ, ಇಸ್ತ್ರಿ ಮಾತ್ರ ತಣ್ಣಗದ. ನನಗ ಖರೇನ ಹೆದರಿಕಿ ಆತು. ನಮ್ಮ ಮನೆಯವರು ಆಗ ಸಿಂಧನೂರು ಬಸ್ಸಿನ್ಯಾಗಿದ್ರು, ಫೋನ್ ಮಾಡಿದ್ರ "ನೀ ಏನೂ ಕೈ ಹಚ್ಚಬ್ಯಾಡ, ಚಾಚಾಗ ಹೇಳು" ಅಂದ್ರು.

ಚಾಚಾ ಅಂದ್ರ ನಮ್ಮ ಓಣಿ ತುದಿ ಮನಿಯವರು, ನಲವತ್ತು ವರ್ಷದಿಂದ ವೈರಿಂಗ್ ಕೆಲಸ ಮಾಡಿದವರು. ಹುಡುಗರಿದ್ದಾಗ ಶಕ್ತಿನಗರ ಥರ್ಮಲ್‌ನ್ಯಾಗ ಕಾಂಟ್ರ್ಯಾಕ್ಟ್ ಹೆಲ್ಪರ್ ಆಗಿ ದುಡಿದಾರ, ಮೊದಲ್ನೇ ಯುನಿಟ್ 1985ರಾಗ ಶುರು ಆದ ಹೊತ್ತಿನ ಮಾತು ಹೇಳ್ತಿರ್ತಾರ. ಈಗ ಅಲ್ಲಿ ಎಂಟು ಯುನಿಟ್, 1720 ಮೆಗಾವ್ಯಾಟ್, ಈ ಕಡೆ ಯರಮರಸ್‌ನ್ಯಾಗ 800ರವು ಮತ್ತೆರಡು. ಹೈದರಾಬಾದ್ ಕಡೆ ಹೋಗೋವಾಗ ಕೃಷ್ಣಾ ಬ್ರಿಜ್ ಹತ್ರ ಆ ಚಿಮಣಿಗಳು ಕಂಡಾಗೆಲ್ಲಾ ನನಗ ನಮ್ಮ ಜಿಲ್ಲಾದ ಬಗ್ಗೆ ಒಂಥರಾ ಹೆಮ್ಮಿ ಆಗ್ತದ. ಅಷ್ಟು ಕರೆಂಟ್ ಹುಟ್ಟೋ ಊರಾಗ ಇದ್ದು ಮನಿ ವೈರಿನ ಬಗ್ಗೆ ನಮಗ ಇಷ್ಟೂ ಗೊತ್ತಿಲ್ಲ ಅಂತ ಚಾಚಾ ಭಾಳ ಮರಗ್ತಾರ.

ಅವರು ಬಂದವರು ಮೊದಲು ನಿಚ್ಚಣಿಕಿ ಕೇಳಲಿಲ್ಲ, ಟೆಸ್ಟರ್ ತೆಗೀಲಿಲ್ಲ. ಬಾಗಿಲ ಹತ್ರ ಕುಂತು ಕೇಳಿದ್ರು. "ಬೇಟಾ, ಯಾವಾಗಿಂದ ಮಿಣಕ್ ಅಂತಿತ್ತು?" ಮೂರು ವಾರದಿಂದ ಅಂದೆ. "ಯಾವಾಗ ಯಾವಾಗ?" ಅದಕ್ಕ ನಾ ಸ್ವಲ್ಪ ವಿಚಾರ ಮಾಡಬೇಕಾತು, ಮುಂಜಾನೆ ಜಾಸ್ತಿ ಅಂದೆ. "ಮುಂಜಾನೆ ಏನ್ ಮಾಡ್ತೀರಿ ಇಲ್ಲಿ?" ಇಸ್ತ್ರಿ, ಅಂತ ಬಾಯಾಗ ಬಂದ ಕೂಡ್ಲೇ ನನಗೇ ಹೊಳೀತು. ಅತ್ತಿಯವರು ಅಷ್ಟ್ರಾಗ "ಆ ಹೊತ್ತಿಗೇ ಮೀನಿನ ವಾಸನಿ ಬರ್ತದ್ರಿ" ಅಂದ್ರು. ಚಾಚಾ ತಲಿ ಎತ್ತಿ ಮ್ಯಾಲಿನ ಲೈಟ್ ನೋಡಿ "ಅಲ್ಲೇ ಸುಟ್ಟದ" ಅಂದ್ರು. ಇನ್ನ ಏನೂ ಬಿಚ್ಚಿರಲಿಲ್ಲ.

ಆಮೇಲೆ ಟೆಸ್ಟರ್‌ದ ವಿಷಯ ತೋರಿಸಿಕೊಟ್ರು, ಇದು ನನಗ ಭಾಳ ಉಪಯೋಗಕ್ಕ ಬಂದ ಪಾಠ. ಪ್ಲಗ್ಗಿನ ಎರಡೂ ತೂತು ಉರಿಯಾಕತ್ತಾವಲ್ಲ, ಇಸ್ತ್ರಿ ಪಿನ್ ಕಿತ್ತು ತೆಗೆದ್ರು, ಲೈಟಿನ ಸ್ವಿಚ್ ಆಫ್ ಮಾಡಿದ್ರು, ಮತ್ತ ಇಟ್ರು. ಈಗ ಬಲಗಡಿದು ಮಾತ್ರ ಉರೀತು, ಎಡಗಡಿದು ಆರಿತ್ತು. ಅಂದ್ರ ಏನು? ನ್ಯೂಟ್ರಲ್, ಅಂದ್ರ ಕರೆಂಟ್ ವಾಪಸ್ ಹೋಗೋ ತಂತಿ, ಎಲ್ಲೋ ಕಡದದ. ಫೇಸ್, ಅಂದ್ರ ಕರೆಂಟ್ ತರೋ ತಂತಿ, ಅದರಿಂದ ಬಂದ ಕರೆಂಟ್ ಇಸ್ತ್ರಿ ಒಳಗಿನ ಕಾಯಿಲ್ ದಾಟಿ, ಇಲ್ಲಾ ಬಲ್ಬ್ ದಾಟಿ, ಆ ಕಡೆ ನ್ಯೂಟ್ರಲ್ ತಂತಿಗೆ ಬಂದು, ಮುಂದ ಹಾದಿ ಇಲ್ಲದ ಅಲ್ಲೇ ನಿಂತಿರ್ತದ. ಅದಕ್ಕ ಟೆಸ್ಟರ್ ಅಲ್ಲೂ ಉರೀತದ. ಸಾಮಾನು ಎಲ್ಲಾ ಕಿತ್ತ ಮ್ಯಾಲೆ ಆ ಹಾದಿ ಇರಂಗಿಲ್ಲ, ಟೆಸ್ಟರ್ ಆರ್ತದ. ಇಂಥಾ ಹೊತ್ತಿನ್ಯಾಗ ಕಪ್ಪು ವೈರ್ ನ್ಯೂಟ್ರಲ್ಲೇ ಅಲ್ಲ, ಏನಾಗಂಗಿಲ್ಲ ಅಂತ ಮುಟ್ಟಿದ್ರ ಸೀದಾ ಶಾಕ್ ಹೊಡಿತದ. ಅದು ಕಪ್ಪಗಿದ್ರೂ ಆಗ ಅದರಾಗ ಫೇಸ್ ನಿಂತಿರ್ತದ.

ಇನ್ನೊಂದು ಮಾತು. ಇದು ನಾನೇ ಮಾಡ್ತಿದ್ದ ತಪ್ಪು, ಚಾಚಾ ಬರದಿದ್ರ ಆ ದಿನ ಏನಾಗ್ತಿತ್ತೋ. ಬಿಚ್ಚೋಕ್ಕಿಂತ ಮೊದಲು ನಾ ಮೇನ್ ಆಫ್ ಮಾಡಿ ಬಂದೆ, "ಆಫ್ ಮಾಡೀನ್ರಿ ಚಾಚಾ" ಅಂದೆ. ಅವರು ನಿಚ್ಚಣಿಕಿ ಹತ್ತಿ ಗ್ಲಾಸ್ ತಿರುವಿ ತೆಗೆದು, ಲೈಟಿನ ಸ್ವಿಚ್ ಆನ್ ಮಾಡಿಸಿ, ಹೋಲ್ಡರಿಗೆ ಟೆಸ್ಟರ್ ಇಟ್ರು. ಉರೀತು! ಮೇನ್ ಆಫ್ ಅದ, ಆದ್ರೂ ಉರಿಯಾಕತ್ತದ. ಚಾಚಾ ಇಳಿದು ಬಂದು ಒಳಗಿನ ಖೋಲಿ ಕಡೆ ಕೈ ಮಾಡಿದ್ರು, ಅಲ್ಲಿ ಫ್ಯಾನ್ ತಿರಗಾಕತ್ತಿತ್ತು. ಇನ್ವರ್ಟರ್. ಮೇನ್ ಆಫ್ ಮಾಡಿದ್ರ ಇನ್ವರ್ಟರ್ ಏನ್ ತಿಳ್ಕೊತದ, ಕರೆಂಟ್ ಹೋತು ಅಂತ ತಿಳ್ಕೊಂಡು ಬ್ಯಾಟರಿಯಿಂದ 230 ವೋಲ್ಟ್ ಕೊಡಾಕ ಶುರು ಮಾಡ್ತದ, ಆ ಶಾಕ್ ಏನೂ ಸಣ್ಣದಲ್ಲ, ಸಾಯೋವಷ್ಟೇ ಇರ್ತದ. ನಮ್ಮ ಕಡೆ ಬ್ಯಾಸಿಗಿಗೆ ಇನ್ವರ್ಟರ್ ಇಲ್ಲದ ಮನಿ ಈಗ ಎಷ್ಟು ಉಳದಾವ ಹೇಳ್ರಿ, ಆದ್ರ ಮೇನ್ ಬಂದ್ ಮಾಡಿದ್ರ ಎಲ್ಲಾ ಬಂದ್ ಆತು ಅನ್ನೋ ಹಳೇ ನಂಬಿಕಿ ಹಂಗೇ ಉಳಕೊಂಡದ. ಮೇನ್ ಆಫ್ ಮಾಡ್ರಿ, ಇನ್ವರ್ಟರಿನ ಸ್ವಿಚ್ಚೂ ಆಫ್ ಮಾಡ್ರಿ, ಆಮೇಲೂ ಟೆಸ್ಟರ್ ಇಟ್ಟು ನೋಡ್ರಿ. ಟೆಸ್ಟರ್ ಸರಿ ಅದನೋ ಇಲ್ಲೋ ಅಂತ ಮೊದಲು ಕರೆಂಟ್ ಇರೋ ಪ್ಲಗ್ಗಿನ್ಯಾಗ ಇಟ್ಟು ನೋಡ್ಕೋಬೇಕು, ಅದರೊಳಗಿನ ಸಣ್ಣ ದೀಪ ಕೆಟ್ಟಿದ್ರ ಎಲ್ಲಿಟ್ರೂ ಆರೇ ಇರ್ತದ, ನಾವು ಕರೆಂಟ್ ಇಲ್ಲ ಅನ್ಕೊಂಡು ಕೈ ಹಾಕ್ತೀವಿ. ಮಾವನವರ ಟೆಸ್ಟರ್ ಅಂದ್ರ ಇಪ್ಪತ್ತು ವರ್ಷದ್ದು, ಆ ದಿನವೇ ಹೊಸದು ತರಿಸಿದೆ.

ಈಗ ಲೈಟಿನ ವಿಷಯಕ್ಕ ಬರ್ತೀನಿ. ಇದು ಗುಂಡನ ಹಾಲುಬಣ್ಣದ ಗ್ಲಾಸಿಂದು, ಸುತ್ತ ಹಿತ್ತಾಳಿ ಬಳಿ, ಒಳಗ ಒಂದು ಹೋಲ್ಡರ್. 1998ರಾಗ ಮನಿ ಕಟ್ಟಿಸಿದಾಗ ಮಾವನವರು ಹೈದರಾಬಾದಿಗೆ ಹೋದವರು ಆರಿಸಿ ತಂದಿದ್ದಂತ, ಬಸ್ಸಿನ್ಯಾಗ ತೊಡಿ ಮ್ಯಾಲೆ ಇಟ್ಕೊಂಡು ಬಂದಿದ್ರಂತ. ಅವರು ಹೋಗಿ ಆರು ವರ್ಷ ಆತು. ಅತ್ತಿಯವರು ಪ್ರತೀ ದೀಪಾವಳಿಗೆ ಆ ಗ್ಲಾಸ್ ಇಳಿಸಿ ಸೋಪಿನ ನೀರಾಗ ತೊಳಿತಾರ. ಗ್ಲಾಸ್ ತೊಳದೀವಿ ಖರೆ, ಅದರ ಹಿಂದ ಇಷ್ಟು ವರ್ಷದಾಗ ಒಮ್ಮೆನೂ ಕಣ್ಣು ಹಾಯಿಸಿಲ್ಲ.

ಚಾಚಾ ಮೂರು ಸ್ಕ್ರೂ ಬಿಚ್ಚಿ ತಳದ ತಟ್ಟಿ ಕೆಳಗ ಇಳಿಸಿದಾಗ ಮ್ಯಾಲೆ ಸ್ಲ್ಯಾಬಿಗೆ ಅಂಗೈ ಅಗಲ ಕರಿ ಮಸಿ ಕಂಡಿತು. ನಾ ಟಾರ್ಚ್ ಹಿಡಿದು ಸ್ಟೂಲ್ ಮ್ಯಾಲೆ ನಿಂತಿದ್ದೆ, ಹತ್ರದಿಂದ ನೋಡಿದೆ. ಪೈಪಿನಿಂದ ಎರಡು ಕಪ್ಪು ವೈರ್, ಒಂದು ಕೆಂಪು ವೈರ್ ಬಂದಾವ, ಎಲ್ಲಾ ಬಂದು ಒಂದು ಸಣ್ಣ ಕನೆಕ್ಟರಿಗೆ ಕೂಡ್ಯಾವ. ಕೆಂಪಿನ ಕಡೆ ಪರವಾಗಿಲ್ಲ. ಕಪ್ಪಿನ ಕಡೆ ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿ, ಗುಳ್ಳಿ ಎದ್ದು, ಒಂದು ಮಗ್ಗಲು ಪೂರ್ತಿ ಕರಗಿ ಸ್ಕ್ರೂ ಹೊರಗ ಕಾಣಾಕತ್ತದ. ವೈರಿನ ಮ್ಯಾಲಿನ ಪ್ಲಾಸ್ಟಿಕ್ ಸುಟ್ಟ ಹಪ್ಪಳದಂಗ, ಚಾಚಾ ಉಗುರು ತಾಗಿಸಿದ್ರೂ ಸಾಕು ಪುಡಿ ಪುಡಿ ಉದುರಾಕತ್ತಿತ್ತು. ಒಳಗಿನ ತಾಮ್ರ ತಾಮ್ರದ ಬಣ್ಣ ಬಿಟ್ಟು ಇದ್ದಲಿ ಬಣ್ಣ ಆಗಿತ್ತು. ಮೂರ್ನಾಲ್ಕು ಎಳಿ ಕಡದು ನಿಂತಿದ್ವು, ತುದಿಗೆ ಸಾಸಿವಿ ಕಾಳಿನಷ್ಟು ಗುಂಡಗ ಕರಗಿ ಗಂಟಾಗಿತ್ತು. ಆ ಗಂಟು ನೋಡಿ ನನಗ ಮೈ ಜುಂ ಅಂತು. ತಾಮ್ರ ಕರಗಬೇಕಂದ್ರ ಸಾವಿರ ಡಿಗ್ರಿ ಮ್ಯಾಲೆ ಬೇಕು, ಅಷ್ಟು ಕಾವು ಅಲ್ಲಿ ಒಂದು ಚುಕ್ಕಿಯಷ್ಟು ಜಾಗದಾಗ ಹುಟ್ಟಿತ್ತು, ನಾ ಅದರ ಕೆಳಗ ನಿಂತು ಮಗನ ಅಂಗಿ ಇಸ್ತ್ರಿ ಮಾಡ್ತಿದ್ದೆ.

ನಾ ಕೇಳಿದ ಮೊದಲ್ನೇ ಪ್ರಶ್ನಿ, 9 ವ್ಯಾಟಿನ ಬಲ್ಬಿಗೆ ಇಷ್ಟು ಹೆಂಗ ಸುಟ್ಟಿತು ಅಂತ. 9 ವ್ಯಾಟ್ ಅಂದ್ರ 230 ವೋಲ್ಟಿಗೆ 0.04 ಆಂಪ್, ಏನೂ ಅಲ್ಲದಷ್ಟು. ಅದಕ್ಕ ಚಾಚಾ ಆ ಎರಡು ಕಪ್ಪು ವೈರ್ ತೋರಿಸಿದ್ರು. ಒಂದು ಡಿಬಿಯಿಂದ, ಅಂದ್ರ ಎಂಸಿಬಿ ಎಲ್ಲಾ ಕೂಡಿಸಿರೋ ಡಬ್ಬಿಯಿಂದ, ಬಂದ ನ್ಯೂಟ್ರಲ್. ಅದು ಮೊದಲು ಈ ಲೈಟಿಗೆ ಬರ್ತದ, ಇಲ್ಲಿ ಕನೆಕ್ಟರಿನ್ಯಾಗ ಕೂಡಿ, ಎರಡನೇ ಕಪ್ಪು ವೈರ್ ಆಗಿ ಕೆಳಗಿನ ಬೋರ್ಡಿನ ಪ್ಲಗ್ಗಿಗೆ ಇಳಿತದ. ಲೂಪ್ ಅಂತಾರ ಇದಕ್ಕ, ವೈರ್ ಉಳಿಸಾಕ ಹಂಗ ಮಾಡಿರ್ತಾರ. ಲೈಟಿಗೆ ಇನ್ವರ್ಟರ್ ಫೇಸ್, ಪ್ಲಗ್ಗಿಗೆ ಸೀದಾ ಮೇನ್ ಫೇಸ್, ಆದ್ರ ನ್ಯೂಟ್ರಲ್ ಎರಡಕ್ಕೂ ಒಂದೇ. ಹಿಂಗಾಗಿ ಕೆಳಗ ನಾ ಹಚ್ಚಿದ ಇಸ್ತ್ರಿ ಕರೆಂಟ್ ಎಲ್ಲಾ ನನ್ನ ತಲಿ ಮ್ಯಾಲಿನ ಲೈಟಿನ ಸ್ಕ್ರೂ ದಾಟಿ ಹೋಗ್ತಿತ್ತು.

ಆ ಸ್ಕ್ರೂ ಸಡ್ಲ ಆಗಿತ್ತು. ಮುಖ್ಯ ವಿಷಯ ಇಷ್ಟ. ಯಾಕ ಸಡ್ಲ ಆತು ಅಂದ್ರ ಇಪ್ಪತ್ತೈದು ವರ್ಷದಾಗ ಎಷ್ಟು ಸಲ ಕಾಯ್ದು ಎಷ್ಟು ಸಲ ತಣ್ಣಗಾಗ್ಯದ ಲೆಕ್ಕ ಇಲ್ಲ, ಕಾಯ್ದಾಗ ಹಿಗ್ತದ ತಣ್ಣಗಾದಾಗ ಕುಗ್ತದ, ಅದರ ಮ್ಯಾಲೆ ನಮ್ಮೂರ ಬ್ಯಾಸಿಗಿ, 40 ದಾಟಿದ ಬಿಸಲಾಗ ಸ್ಲ್ಯಾಬ್ ರಾತ್ರಿ ಹತ್ತಕ್ಕೂ ಕಾಯ್ದೇ ಇರ್ತದ. ಮನಿ ವೈರಿನ ಮ್ಯಾಲಿನ ಪಿವಿಸಿ 70 ಡಿಗ್ರಿ ತನಕ ತಡೀತದಂತ, ಮ್ಯಾಲಿಂದ ಸ್ಲ್ಯಾಬಿನ ಕಾವು, ಒಳಗಿಂದ ಕರೆಂಟಿನ ಕಾವು, ಅದಕ್ಕೆಷ್ಟು ಉಳೀತು ನೀವೇ ಲೆಕ್ಕ ಹಾಕ್ರಿ. ಸ್ಕ್ರೂ ಸ್ವಲ್ಪ ಸಡ್ಲ ಆದ್ರ ತಾಮ್ರ ಪೂರ್ತಿ ತಾಗಂಗಿಲ್ಲ, ಒಂದೆರಡು ಕಡೆ ಅಷ್ಟ ತಾಗಿರ್ತದ. ಕರೆಂಟ್ ಅಷ್ಟೇ ಜಾಗದಾಗ ನುಗ್ಗಿ ಹೋಗಬೇಕು, ಕಾಯ್ತದ. ಕಾಯ್ದ ಜಾಗದಾಗ ತಾಮ್ರಕ್ಕ ಕರಿ ಪದರ ಹಿಡಿತದ, ಆ ಪದರದಿಂದ ಕರೆಂಟಿಗೆ ಇನ್ನೂ ಅಡ್ಡಿ, ಇನ್ನೂ ಕಾವು. ಒಮ್ಮೆ ಶುರು ಆತಂದ್ರ ತನ್ನಷ್ಟಕ್ಕ ತಾನೇ ಬೆಳೀತದ, ಹುಣ್ಣು ಇದ್ದಂಗ.

ಸಂಜಿಗೆ ನಾ ಮಗನ ಹತ್ತನೇ ಕ್ಲಾಸ್ ವಿಜ್ಞಾನ ಪುಸ್ತಕ ಇಸಕೊಂಡು ಲೆಕ್ಕ ಮಾಡಿ ನೋಡಿದೆ. ನಮ್ಮ ಇಸ್ತ್ರಿ 1000 ವ್ಯಾಟ್, 230ರಿಂದ ಭಾಗಿಸಿದ್ರ 4.3 ಆಂಪ್ ಚಿಲ್ರಿ. ಆ ಸಡ್ಲ ಜಾಗದಾಗ ಬರೇ 1 ಓಮ್ ಅಡ್ಡಿ ಇತ್ತು ಅಂತ ಹಿಡೀರಿ. ಕರೆಂಟಿನ ವರ್ಗಕ್ಕ ಅಡ್ಡಿ ಗುಣಿಸಿದ್ರ ಸುಮಾರು 19 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸಾಕ ಇಟ್ಕೊಂಡಿರ್ತಾರಲ್ಲ ಸೋಲ್ಡರಿಂಗ್ ಕಡ್ಡಿ, ಅದು ಸಾಮಾನ್ಯ 25 ವ್ಯಾಟಿಂದು. ಅಂದ್ರ ದಿನಾ ಮುಂಜಾನೆ ಕಾಲು ಗಂಟಿ ನಮ್ಮ ಲೈಟಿನ ಹಿಂದ ಹೆಚ್ಚುಕಮ್ಮಿ ಒಂದು ಸೋಲ್ಡರಿಂಗ್ ಕಡ್ಡಿ ಹಚ್ಚಿಟ್ಟಂಗ ಇತ್ತು. ಬಲ್ಬ್ ಮಿಣಕ್ ಅನ್ನೋದು ಅದಕ್ಕೇ, ನ್ಯೂಟ್ರಲ್ ತಾಗಿ ಬಿಟ್ಟು ತಾಗಿ ಬಿಟ್ಟು ಕಿಡಿ ಹಾರತಿತ್ತು.

ನಮ್ಮ ಮನೆಯವರು ರಾತ್ರಿ ಬಂದು ಕೇಳಿದ್ದು ಒಂದೇ ಮಾತು, ಮತ್ತ ಎಂಸಿಬಿ ಯಾಕ ಬೀಳ್ಲಿಲ್ಲ, ಅಷ್ಟು ರೊಕ್ಕ ಕೊಟ್ಟು ಹೊಸ ಡಿಬಿ ಹಾಕಿಸೀವಿ ಅಂತ. ಇದನ್ನ ಎಲ್ಲರೂ ಕೇಳ್ತಾರ, ನಾನೂ ಚಾಚಾಗ ಕೇಳಿದ್ದೆ. ಎಂಸಿಬಿ ಎಷ್ಟು ಆಂಪ್ ಹರಿಯಾಕತ್ತದ ಅಂತ ಮಾತ್ರ ನೋಡ್ತದ. ನಮ್ಮದು 10 ಆಂಪಿಂದು, ಹರಿದಿದ್ದು ನಾಲ್ಕು ಚಿಲ್ರಿ, ಅದರ ಲೆಕ್ಕದಾಗ ಎಲ್ಲಾ ಸರಿ ಅದ. ಫೇಸ್ ನ್ಯೂಟ್ರಲ್ ಕೂಡಿ ಶಾರ್ಟ್ ಆಗಿದ್ರ ಬೀಳ್ತಿತ್ತು, ಲೋಡ್ ಜಾಸ್ತಿ ಆಗಿದ್ರ ಬೀಳ್ತಿತ್ತು. ಎಲ್ಲೋ ಒಂದು ಸ್ಕ್ರೂ ಕಾಯ್ದದ ಅಂತ ಅದಕ್ಕ ತಿಳಿಯೋ ಹಾದಿ ಇಲ್ಲ. ಆರ್‌ಸಿಸಿಬಿ ಅಂತ ಇನ್ನೊಂದು ಬರ್ತದ, 30 ಮಿಲಿಆಂಪ್ ಲೀಕ್ ಆದ್ರ ಬೀಳೋವಂಥದ್ದು, ಮನುಷ್ಯಾಗ ಶಾಕ್ ಹೊಡೆದಾಗ ಜೀವ ಉಳಿಸೋದು ಅದು, ಇಲ್ಲದವರು ದಯವಿಟ್ಟು ಹಾಕಿಸ್ರಿ, ಆದ್ರ ಅದಕ್ಕೂ ಈ ಸಡ್ಲ ಸ್ಕ್ರೂ ಕಾಣಂಗಿಲ್ಲ ಯಾಕಂದ್ರ ಇಲ್ಲಿ ಕರೆಂಟ್ ಹೊರಗ ಎಲ್ಲೂ ಸೋರಿಲ್ಲ. ಇದನ್ನ ಹಿಡಿಯೋದು ನಮ್ಮ ಮೂಗು, ನಮ್ಮ ಕಣ್ಣು ಅಷ್ಟ. ನಮ್ಮನ್ಯಾಗ ಹಿಡಿದಿದ್ದು ಅತ್ತಿಯವರ ಮೂಗು, ನಾವು ಅದನ್ನ ನಂಬಲಿಲ್ಲ. ಅವತ್ತೇ ಅವರ ಮಾತು ಕೇಳಿ ಮ್ಯಾಲೆ ನೋಡಿದ್ರ ಮೂರು ವಾರ ಮೊದಲೇ ಗೊತ್ತಾಗ್ತಿತ್ತು ಅನ್ನೋದು ನನ್ನ ಮನಸಿಗೆ ಇನ್ನೂ ಹತ್ತಿದಂಗ ಅದ.

ಇನ್ನ ರಿಪೇರಿ. ಸುಟ್ಟ ತುದಿ ಕತ್ತರಿಸಿ, ಟೇಪ್ ಸುತ್ತಿ, ಹೊಸ ಹೋಲ್ಡರ್ ಹಾಕಿದ್ರ ಹತ್ತು ನಿಮಿಷದ ಕೆಲಸ, ಲೈಟೂ ಹತ್ತತದ. ಭಾಳ ಕಡೆ ಹಂಗೇ ಮಾಡಿ ಹೋಗ್ತಾರ. ಚಾಚಾ ಕಟಿಂಗ್ ಪ್ಲೇಯರ್ ತಗೊಂಡು ಎರಡು ಇಂಚು ಕತ್ತರಿಸಿ ಸಿಪ್ಪಿ ಸುಲಿದು ತೋರಿಸಿದ್ರು, ಒಳಗ ತಾಮ್ರ ಇನ್ನೂ ಕರ್ರಗ. ಮತ್ತೊಂದು ಇಂಚು, ಇನ್ನೂ ಕಂದು. ಕಾವು ತಾಮ್ರದ ಗುಂಟ ಒಳಗೊಳಗೇ ಹರದಿರ್ತದ, ಮ್ಯಾಲಿನ ಸಿಪ್ಪಿ ಚೆಂದ ಕಂಡ್ರೂ ಒಳಗ ಎಳಿ ಬೆಂದಿರ್ತಾವ, ಅಂಥಾದಕ್ಕ ಸ್ಕ್ರೂ ಬಿಗಿ ಮಾಡಿದ್ರ ಮತ್ತ ಅದೇ ಕಥಿ. ಮೂರನೇ ಸಲ ಕತ್ತರಿಸಿದಾಗ ಕೆಂಪಗ ಹೊಳಿಯೋ ತಾಮ್ರ ಬಂತು, "ಈಗ ನೋಡು ಬೇಟಾ, ಇದು ತಾಂಬಾ" ಅಂದ್ರು. ಆದ್ರ ಅಷ್ಟೊತ್ತಿಗೆ ವೈರ್ ಪೈಪಿನೊಳಗ ಹೋಗಿಬಿಟ್ಟಿತ್ತು, ಹೊರಗ ಎರಡು ಬೆರಳಿನಷ್ಟೂ ಉಳೀಲಿಲ್ಲ. ಎಳದು ಕಟ್ಟಿದ ವೈರ್ ಬಿಗಿ ಕುಂದ್ರಂಗಿಲ್ಲ, ಸ್ಕ್ರೂ ಮ್ಯಾಲೆ ಜಗ್ತಿರ್ತದ. ಅದಕ್ಕ ಹೊಸ ವೈರೇ ಎಳಿಯೋದು ಅಂತ ಆತು.

ನಾನೂ ಅವರ ಜೋಡಿ ತೀನ್ ಕಂದೀಲ್ ಕಡೆ ಹೋಗಿ ಸಾಮಾನು ತಂದೆ. ಲೈಟಿಗೆ ಒಂದೂವರಿ ಎಂಎಂ ತಾಮ್ರದ ವೈರ್, ಪ್ಲಗ್ಗಿಗೆ ಎರಡೂವರಿ, ಹೋಲ್ಡರ್ ಒಂದು, ಪ್ಲಾಸ್ಟಿಕ್ ಬದ್ಲಿ ಪಿಂಗಾಣಿ ಕನೆಕ್ಟರ್ ಎರಡು, ಅದು ಕಾಯ್ದ್ರೂ ಕರಗಂಗಿಲ್ಲ. ಅಂಗಡಿಯವರು ಕಡಿಮಿ ರೇಟಿಂದು ಒಂದು ವೈರ್ ತೋರಿಸಿದ್ರು, ಚಾಚಾ ತುದಿ ಸುಲಿದು ಎಳಿ ಬೆರಳಾಗ ಹೊಸೆದು ನೋಡಿ ವಾಪಸ್ ಇಟ್ರು, ಐಎಸ್‌ಐ ಗುರುತು ಇರೋದೇ ಬೇಕು ಅಂದ್ರು. ಮನಿಗೆ ಬಂದು ಹಳೇ ವೈರಿನ ತುದಿಗೆ ಹೊಸದು ಹೆಣದು ಟೇಪ್ ಸುತ್ತಿ, ಅವರು ಮ್ಯಾಲಿಂದ ಜಗ್ಗೋದು, ನಾ ಕೆಳಗಿಂದ ನೂಕೋದು. ಒಂದು ತಿರುವಿನ್ಯಾಗ ಸಿಕ್ಕೊಂಡು ಅರ್ಧ ತಾಸು ಹೋತು, ಅತ್ತಿಯವರು ಪೌಡರ್ ಡಬ್ಬಿ ತಂದು ಕೊಟ್ರು, ವೈರಿಗೆ ಪೌಡರ್ ಹಚ್ಚಿ ನೂಕಿದ್ಮ್ಯಾಲೆ ಸರಕ್ಕನ ಬಂತು.

ಕನೆಕ್ಟರಿಗೆ ಕೂಡಿಸೋದು ಹೆಂಗ ಅಂತ ನನ್ನ ಕೈಲೇ ಮಾಡಿಸಿದ್ರು. ಸಿಪ್ಪಿ ಸುಲಿಯೋವಾಗ ಒಂದೂ ಎಳಿ ಕಡೀಬಾರದು, ಕಡದ್ರ ಉಳದ ಎಳಿ ಮ್ಯಾಲೆ ಭಾರ ಬೀಳ್ತದ. ಎಳಿ ಎಲ್ಲಾ ಬತ್ತಿ ಹೊಸೆದಂಗ ಹೊಸೆದು, ತುದಿ ಮಡಚಿ ಇಮ್ಮಡಿ ಮಾಡಿ ತೂರಿಸಬೇಕು. ಸ್ಕ್ರೂ ತಾಮ್ರದ ಮ್ಯಾಲೇ ಕುಂದ್ರಬೇಕು, ಸಿಪ್ಪಿ ಮ್ಯಾಲೆ ಕುಂತ್ರ ಬಿಗಿ ಆದಂಗ ಅನಸ್ತದ, ಒಳಗ ತಾಗೇ ಇರಂಗಿಲ್ಲ. ಬಿಗಿ ಮಾಡಿದ್ಮ್ಯಾಲೆ ವೈರ್ ಹಿಡಿದು ಜಗ್ಗಿ ನೋಡಬೇಕು, ನಾ ಮಾಡಿದ ಮೊದಲ್ನೇದು ಜಗ್ಗಿದ ಕೂಡ್ಲೇ ಕೈಗೇ ಬಂತು, ಎರಡನೇ ಸಲ ಸರಿ ಆತು. ಆ ಜಗ್ಗಿ ನೋಡೋದು ಇಪ್ಪತ್ತೈದು ವರ್ಷದ ಹಿಂದ ಯಾರರ ಮಾಡಿದ್ರೋ ಇಲ್ಲೋ. ಪ್ಲಗ್ಗಿಗೆ ಈಗ ಡಿಬಿಯಿಂದ ಸೀದಾ ಬೇರೆ ಫೇಸ್, ಬೇರೆ ನ್ಯೂಟ್ರಲ್, ಅರ್ಥಿಂಗ್ ಸಮೇತ. ಲೈಟಿನ ಸ್ಕ್ರೂ ದಾಟಿ ಈಗ 0.04 ಆಂಪ್ ಬಿಟ್ರ ಮತ್ತೇನೂ ಹೋಗಂಗಿಲ್ಲ.

ಹೋಲ್ಡರ್ ಬಿಚ್ಚಿದಾಗ ಇನ್ನೊಂದು ಕಂಡಿತು, ಅದೂ ಹೇಳಲೇಬೇಕು. ಕೆಂಪು ವೈರೂ ಹೋಲ್ಡರ್ ಹತ್ರ ಗಟ್ಟಿ ಕಡ್ಡಿಯಂಗಾಗಿ ಬಾಗಿಸಿದ್ರ ಸೀಳ್ತಿತ್ತು. ಅದು ಇಸ್ತ್ರಿ ಕಥಿ ಅಲ್ಲ, ಅದು ಹಳೇ ಬಲ್ಬಿನ ಕಥಿ. ತಟ್ಟಿ ಮ್ಯಾಲೆ ಮಸಿ ಒರೆಸಿದ್ರ ಒಳಗ ಸಣ್ಣ ಅಕ್ಷರದಾಗ 60 ವ್ಯಾಟಿಗಿಂತ ಹೆಚ್ಚಿಂದು ಹಾಕಬಾರದು ಅಂತ ಬರದದ. ನಾವು ಹಾಕಿದ್ದು 100. ಪಡಸಾಲಿ ದೊಡ್ಡದು, ಬೆಳಕು ಸಾಲಂಗಿಲ್ಲ ಅಂತ ವರ್ಷಾನುಗಟ್ಲೆ 100ರ ಬಲ್ಬೇ ಉರಿಸೀವಿ. ಆ ಹಳೇ ಬಲ್ಬಿನ್ಯಾಗ ಬೆಳಕಾಗೋದು ನೂರರಾಗ ಹತ್ತು ಪಾಲೂ ಇರಂಗಿಲ್ಲ, ಉಳದದ್ದೆಲ್ಲಾ ಕಾವು, ಅದೂ ಮುಚ್ಚಿದ ಗ್ಲಾಸಿನೊಳಗ, ಹೊರಗ ಹೋಗಾಕ ಹಾದಿ ಇಲ್ಲ. 2015ರಾಗ ಉಜಾಲಾ ಯೋಜನಾ ಬಂತು, ನಮ್ಮ ರಾಜ್ಯದಾಗ ಹೊಸ ಬೆಳಕು ಅಂತ ಹೆಸರಿಟ್ಟು 9 ವ್ಯಾಟಿನ ಎಲ್‌ಇಡಿ ಕೊಡಾಕ ಶುರು ಮಾಡಿದ್ರು, ಆಮೇಲೆ ನಾವೂ ಬದ್ಲಿಸಿದ್ವಿ. ಬಲ್ಬ್ ಬದ್ಲಾತು, ಬೆಂದ ವೈರ್ ಬೆಂದಂಗೇ ಉಳೀತು. ಹಳೇ ಮನಿಯಾಗ ಮುಚ್ಚಿದ ಗ್ಲಾಸಿನ ಲೈಟ್ ಇದ್ದವರು, ಈಗ ಎಲ್‌ಇಡಿ ಅದಲ್ಲ ಅಂತ ಸುಮ್ಮನ ಕುಂದ್ರಬ್ಯಾಡ್ರಿ, ಒಮ್ಮೆ ಗೊತ್ತಿದ್ದವರ ಕೈಲೇ ಬಿಚ್ಚಿಸಿ ಹೋಲ್ಡರ್ ಹತ್ರದ ವೈರ್ ಬಾಗಿಸಿ ನೋಡಿಸ್ರಿ. ಇದು ನನ್ನ ಕಳಕಳಿ.

ಚಾಚಾ ಆ ಲೈಟ್ ತೆಗೆದು ಹೊಸ ಎಲ್‌ಇಡಿ ಪ್ಯಾನಲ್ ಹಾಕೋಣು ಅಂದ್ರು, ಅದು ಸಸ್ತಾನೂ ಹೌದು, ಬೆಳಕೂ ಜಾಸ್ತಿ. ಅತ್ತಿಯವರು ಏನೂ ಮಾತಾಡ್ಲಿಲ್ಲ, ಆ ಗ್ಲಾಸ್ ತಗೊಂಡು ಬಚ್ಚಲಿಗೆ ಹೋಗಿ ತೊಳಿಯಾಕ ಕುಂತ್ರು. ಚಾಚಾ ಅದನ್ನ ನೋಡಿ ಮತ್ತ ಆ ಮಾತು ಎತ್ತಲಿಲ್ಲ. ಹಿತ್ತಾಳಿ ಬಳಿ ಹುಣಸಿಹಣ್ಣು ಹಚ್ಚಿ ತಿಕ್ಕಿದ್ವಿ, ತಟ್ಟಿ ಮ್ಯಾಲಿನ ಮಸಿ ಉಪ್ಪುಕಾಗದ ಹಚ್ಚಿ ಉಜ್ಜಿದ್ವಿ, ಒಳಗಿನ ವೈರು ಹೋಲ್ಡರು ಕನೆಕ್ಟರು ಪೂರ್ತಿ ಹೊಸದು, ಹೊರಗಿಂದು ಮಾವನವರದೇ. ಯುಗಾದಿ ದಿನ ಬೇವು ಬೆಲ್ಲ ಕೊಡೋವಾಗ ಆ ಲೈಟ್ ಹಚ್ಚಿದ್ವಿ, ಹಗಲೇ ಇತ್ತು, ಆದ್ರೂ ಹಚ್ಚಿದ್ವಿ. ಸ್ಲ್ಯಾಬಿನ ಮ್ಯಾಲಿನ ಕರಿ ಕಲಿ ಪೂರ್ತಿ ಹೋಗಿಲ್ಲ, ಬಳಿಯ ಪಕ್ಕದಾಗ ಒಂದು ಚೂರು ಕಾಣ್ತದ.

ಆ ಸುಟ್ಟ ಕನೆಕ್ಟರ್ ನಾ ಒಗೀಲಿಲ್ಲ, ಟಿವಿ ಸ್ಟ್ಯಾಂಡ್ ಮ್ಯಾಲೆ ಇಟ್ಟೀನಿ, ಮನಿಗೆ ಬಂದವರು ಏನಿದು ಅಂತ ಕೇಳಿದ್ರ ಹೇಳಾಕ. ಬಾಜು ಮನಿ ವೈನಿ ಹಂಗೇ ಕೇಳಿ ಹೋದವರು ಮರದಿನ ಬಂದು, ತಮ್ಮ ಅಡಗಿಮನಿ ಸ್ವಿಚ್ ಬೋರ್ಡ್ ಮುಟ್ಟಿದ್ರ ಬೆಚ್ಚಗದ ಅಂದ್ರು, ಮಿಕ್ಸಿ ಹಚ್ಚೋ ಬೋರ್ಡಂತ. ಹೋಗಿ ಮುಟ್ಟಿ ನೋಡಿದೆ, ಖರೇನೇ ಅದ, ಒಂದು ಮೂಲ್ಯಾಗ ಕಂದ ಬಣ್ಣ ಬೇರೆ ತಿರಗ್ಯದ. ಸದ್ಯ ಅದನ್ನ ಬಳಸೋದು ಬಿಡಿಸೀನಿ. ಚಾಚಾ ಭಾನುವಾರ ಮುಂಜಾನೆ ಬರ್ತೀನಿ ಅಂದಾರ, ಮೊದಲು ಅವರ ಮನಿ, ಆಮೇಲೆ ನಮ್ಮನಿಯಾಗ ಉಳದ ನಾಲ್ಕು ಲೈಟ್. ಅತ್ತಿಯವರು ಒಗ್ಗರಣಿ ಮಿರ್ಚಿ ಮಾಡ್ತೀನಿ ಅಂದಾರ, ಮಂಡಕ್ಕಿ ತರಾಕ ಹೋಗಬೇಕು.